ಆಷಾಢದಲ್ಲಿ ನಾನು ಬರೆದ ಬಾಕ್ಸಿಂಗ್ ವಿಮರ್ಶೆ

ನಾನು ಇಪ್ಪತ್ತಾರು ವರ್ಷದಿಂದ ಬಾಟಲಿ ಮುಚ್ಚಳ ಪರೀಕ್ಷೆ ಮಾಡುತ್ತಿದ್ದೇನೆ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಅದು. ಮುಚ್ಚಳ ಬರುತ್ತದೆ, ನೋಡುತ್ತೇನೆ. ಒಳ್ಳೆಯದಾದರೆ ಈ ಕಡೆ, ಕೆಟ್ಟದ್ದಾದರೆ ಆ ಕಡೆ. ಇಷ್ಟು ವರ್ಷ ಇದೊಂದನ್ನೇ ಮಾಡಿದ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಪ್ರಪಂಚದಲ್ಲಿ ಏನು ಕಂಡರೂ ಈ ಕಡೆಯೋ ಆ ಕಡೆಯೋ ಅಂತ ತೀರ್ಪು ಕೊಟ್ಟುಬಿಡಬೇಕು ಅನ್ನಿಸುತ್ತದೆ.

ಹಾಗಾಗಿಯೇ ಮೊಬೈಲಿನಲ್ಲಿ ವಿಮರ್ಶೆ ಬರೆಯಲು ಶುರುಮಾಡಿದೆ. ಬಸ್ ಸ್ಟ್ಯಾಂಡ್ ಪಕ್ಕದ ಕ್ಯಾಂಟೀನಿನ ಇಡ್ಲಿ, ಹೊಸ ಮಿಕ್ಸಿ, ಮೂರು ಮಡಿಕೆಯ ಛತ್ರಿ, ಯಾವುದನ್ನೂ ಬಿಡಲಿಲ್ಲ. ಮುಲಾಜಿಲ್ಲ! ನನ್ನ ಸ್ವಂತ ಮಗಳ ಮದುವೆಯ ಪಾಯಸಕ್ಕೆ ನಾನೇ ಐದಕ್ಕೆ ಮೂರು ಅಂಕ ಕೊಟ್ಟೆ. ಅಡಿಗೆಯವರು ಆಮೇಲೆ ನನ್ನ ಫೋನ್ ಎತ್ತಿಲ್ಲ.

ಅಂಥ ನಾನು ಬಾಕ್ಸಿಂಗ್ ವಿಡಿಯೋ ಗೇಮಿನ ಎರಡನೇ ಭಾಗವನ್ನು ಪರೀಕ್ಷೆ ಮಾಡಲು ಕೂತೆ. ಮುಚ್ಚಳಕ್ಕೂ ಗೇಮಿಗೂ ಏನು ದೊಡ್ಡ ವ್ಯತ್ಯಾಸ ಅಂದುಕೊಂಡೆ. ಆ ಅಂದುಕೊಂಡಿದ್ದರ ಫಲ ಇನ್ನೂ ಉಣ್ಣುತ್ತಿದ್ದೇನೆ.

ಗೇಮು ನನ್ನ ಮಗಳು ಸಿಂಧುವಿನದು. ಶಾಲೆಯಲ್ಲಿ ಟೀಚರಾಗಿ ಸೇರಿದ ವರ್ಷ ಅವಳು ಚಿನ್ನ ತಗೊಳ್ಳಲಿಲ್ಲ, ಸೀರೆ ತಗೊಳ್ಳಲಿಲ್ಲ, ಟಿವಿಗೆ ಸಿಕ್ಕಿಸುವ ಗೇಮ್ ಬಾಕ್ಸ್ ತಗೊಂಡಳು. ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಸಂಭಾಳಿಸಿ ಬಂದು, ಕಾಲು ತೊಳೆದು, ಅರ್ಧ ಗಂಟೆ ಟಿವಿಯೊಳಗೆ ಯಾರಿಗಾದರೂ ಗುದ್ದಿದರೆ ಮನಸ್ಸಿಗೆ ಹಗುರ ಅನ್ನುತ್ತಿದ್ದಳು. ಹುಡುಗ ನೋಡಲು ಬಂದಾಗ "ನಿಮ್ಮ ಹವ್ಯಾಸ ಏನು?" ಅಂತ ಕೇಳಿದ. "ಬಾಕ್ಸಿಂಗ್" ಅಂದಳು. ಹುಡುಗ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಆದರೂ ಒಪ್ಪಿದ. ಆ ಹುಡುಗನೇ ಪ್ರಸನ್ನ. ಟಿ. ನರಸೀಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ತಂದೆ ಇಲ್ಲ. ತಾಯಿ, ಮಗ, ಇಬ್ಬರೇ.

ಮದುವೆಯಾದ ಎರಡೇ ತಿಂಗಳಿಗೆ ಆಷಾಢ ಬಂತು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಮದುಮಗಳು ತೌರಿಗೆ ಬಂದು ತಿಂಗಳು ಕೂರಬೇಕು. ಅಳಿಯ ಮಾವನ ಮನೆ ಕಡೆ ತಲೆ ಹಾಕಬಾರದು. ಸಿಂಧು ಬಟ್ಟೆಯ ಜೊತೆ ಗೇಮ್ ಬಾಕ್ಸನ್ನೂ ಕಟ್ಟಿಕೊಂಡು ಬಂದಳು. ಮುಖ ಮಾತ್ರ ಊದಿಕೊಂಡಿತ್ತು.

ನನ್ನ ಹೆಂಡತಿ ಗಿರಿಜ ಹನ್ನೆರಡನೇ ದಿನ ಅಡಿಗೆಮನೆಗೆ ಕರೆದು ಮೆಲ್ಲಗೆ ಅಂದಳು:

"ರೀ, ಇವಳು ಬಂದಾಗಿನಿಂದ ಒಂದು ಸಲಾನಾದ್ರೂ ಗಂಡನ ಜೊತೆ ಮಾತಾಡಿದ್ದು ಕೇಳಿಸ್ಕೊಂಡ್ರಾ?"

"ಮೆಸೇಜು ಮಾಡ್ಕೋತಾರೆ ಬಿಡೆ. ಈಗಿನ ಕಾಲದವ್ರು."

"ಎಂಥ ಮೆಸೇಜು! ಫೋನ್ ಬಡ್ಕೊಂಡ್ರೂ ಎತ್ತಲ್ಲ. ಅವರ ನೆಂಟರ ಮನೇಲಿ ಹತ್ತು ಜನದ ಮುಂದೆ ಅಳಿಯಂದ್ರು, 'ನನ್ನ ಹೆಂಡ್ತಿ ಗುದ್ದೋದು ಚೆನ್ನಾಗಿ ಕಲ್ತವಳೆ, ಮುದ್ದೆ ಕಟ್ಟೋದು ಕಲ್ತಿಲ್ಲ' ಅಂದ್ರಂತೆ. ಎಲ್ಲಾ ಗೊಳ್ ಅಂತ ನಕ್ಕರಂತೆ. ಅವತ್ತಿಂದ ಮಾತು ನಿಂತದೆ. ಆಷಾಢ ಮುಗುದ್ಮೇಲೆ ಇವಳು ಹೋಗ್ತಾಳೋ ಇಲ್ವೋ ಅಂತ ನಂಗೆ ಭಯ ಆಯ್ತದೆ."

"ಮುದ್ದೆಗೆಲ್ಲಾ ಯಾರಾದ್ರೂ ಗಂಡನ್ನ ಬಿಡ್ತಾರೇನೆ?"

"ಮುದ್ದೆಗಲ್ಲ. ಹತ್ತು ಜನ ನಕ್ಕಿದ್ದಕ್ಕೆ."

ನಾನು ಅದನ್ನು ದೊಡ್ಡದು ಮಾಡಲಿಲ್ಲ. ಯಾಕೆಂದರೆ ದಿನಾ ಸಂಜೆ ಆರೂವರೆಗೆ ಸಿಂಧು ಟಿವಿ ಮುಂದೆ ಕೂತು ಬಾಕ್ಸಿಂಗ್ ಆಡುತ್ತಿದ್ದಳು. ಎರಡನೇ ಭಾಗ ಹೊಸದಾಗಿ ಬಂದಿತ್ತು. ಮೊದಲ ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಗುದ್ದಿದಳು. ಆಮೇಲೆ ಆಟ ಸ್ವಲ್ಪ ಮೆತ್ತಗಾಯಿತು. ಒಂದು ದಿನವಂತೂ ಆಟ ಮುಗಿದ ಮೇಲೆ ಸಣ್ಣಗೆ ನಕ್ಕಳು. ಇಷ್ಟು ಸಂತೋಷವಾಗಿ ಆಡುವವಳಿಗೆ ಏನು ದುಃಖ ಅಂದುಕೊಂಡೆ. ಆರೂವರೆಗೇ ಯಾಕೆ ಆಡುತ್ತಾಳೆ, ಐದಕ್ಕೆ ಯಾಕಿಲ್ಲ, ಎಂಟಕ್ಕೆ ಯಾಕಿಲ್ಲ ಅಂತ ಕೇಳಲಿಲ್ಲ. ಮುಚ್ಚಳದವನು ಮುಚ್ಚಳ ನೋಡುತ್ತಾನೆ. ಬಾಟಲಿಯೊಳಗೆ ಏನಿದೆ ಅಂತ ನೋಡುವುದಿಲ್ಲ.

ಒಂದು ಭಾನುವಾರ ಗಿರಿಜ, ಸಿಂಧು ಇಬ್ಬರೂ ನಾಮಕರಣಕ್ಕೆ ಅಂತ ದೇವನೂರಿಗೆ ಹೊರಟರು.

"ಅಪ್ಪ, ಗೇಮಿಗೆ ಏನೋ ಅಪ್‌ಡೇಟ್ ಇಳೀತಾ ಅದೆ. ಟಿವಿ ಆಫ್ ಮಾಡ್ಬೇಡಿ. ಆರೂವರೆ ಒಳಗೆ ಬಂದ್ಬಿಡ್ತೀನಿ. ಏನೂ ಮುಟ್ಬೇಡಿ" ಅಂದಳು ಸಿಂಧು.

"ನಾನ್ಯಾಕಮ್ಮ ಮುಟ್ಲಿ?" ಅಂದೆ.

ಆರಕ್ಕೇ ಮುಟ್ಟಿದೆ!

ನನ್ನದೇನೂ ತಪ್ಪಿಲ್ಲ ಅಂತ ಅವತ್ತು ಅನ್ನಿಸಿತ್ತು. ನನ್ನ ಓದುಗರು ಬಿಡುತ್ತಿರಲಿಲ್ಲ. "ಸಾ, ನಿಮ್ಮನೇಲಿ ಬಾಕ್ಸಿಂಗ್ ಗೇಮಿನ ಪಾರ್ಟ್ ಟೂ ಅದಂತೆ, ಎಂಗದೆ ಅಂತ ಒಸಿ ಬರೀರಿ ಸಾ" ಅಂತ ಇಬ್ಬರು ಕೇಳಿದ್ದರು. ಸಾರ್ವಜನಿಕ ಜೀವನದಲ್ಲಿರುವವರಿಗೆ ಕೆಲವು ಹೊಣೆಗಳಿರುತ್ತವೆ.

ಮೊದಲ ಭಾಗವನ್ನು ಅಷ್ಟಿಷ್ಟು ಆಡಿದ್ದೆ. ಅದರಲ್ಲಿ ಎದುರಾಳಿಗಳೆಲ್ಲ ಕಂಪನಿಯವರೇ ತುಂಬಿ ಕಳಿಸಿದ ಗೊಂಬೆಗಳು. ಮುಖ ಹಿಟ್ಟಿನ ಉಂಡೆ ಥರ. ಹೊಡೆದರೆ ಬೀಳುತ್ತಿದ್ದವು, ಇಲ್ಲದಿದ್ದರೆ ಹೊಡೆಯುತ್ತಿದ್ದವು. ನನ್ನ ಕ್ರಮ ಸರಳ. ರಿಮೋಟಿನಲ್ಲಿ ಹತ್ತು ಹದಿನೈದು ಬಟನ್ ಇದ್ದರೂ ನಾನು ಒಂದೇ ಒಂದನ್ನು ಒತ್ತುತ್ತೇನೆ. ಬಿಡದೆ ಒತ್ತುತ್ತೇನೆ. ಸಿಂಧು ಅದಕ್ಕೆ "ಅಪ್ಪಂದು ಬೋರ್‌ವೆಲ್ ಆಟ" ಅನ್ನುತ್ತಿದ್ದಳು.

ಎರಡನೇ ಭಾಗ ನೋಡುವುದಕ್ಕೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಬೆವರು ಕಾಣುತ್ತಿತ್ತು. ಹೊಡೆತ ಬಿದ್ದ ಜಾಗ ಕೆಂಪಾಗುತ್ತಿತ್ತು. ರೆಫರಿಗೆ ಕೂಡ ಸಣ್ಣ ಹೊಟ್ಟೆ ಇತ್ತು. ಅರ್ಧ ಗಂಟೆ ಒಬ್ಬನೇ ಗೇಮಿನೊಳಗೆ ನೇತುಹಾಕಿದ್ದ ಮೂಟೆಗೆ ಗುದ್ದಿ ಕೈ ಪಳಗಿಸಿಕೊಂಡೆ. ಸರಿಯಾಗಿ ಆರೂವರೆಗೆ ಪರದೆ ಮೇಲೆ ಒಂದು ಚೌಕ ಬಂತು. ಅದರಲ್ಲಿ ನಾಲ್ಕೈದು ಸಾಲು ಇಂಗ್ಲಿಷ್ ಅಕ್ಷರ. ನನ್ನ ದೂರ ನೋಡುವ ಕನ್ನಡಕ ಗಿರಿಜಳ ಚೀಲದಲ್ಲಿ ದೇವನೂರಿಗೆ ಹೋಗಿತ್ತು. ಇದು ಕಂಪನಿಯವರ ಷರತ್ತು ಇರಬೇಕು ಅಂದುಕೊಂಡೆ. ಷರತ್ತು ಓದಿ ಒಪ್ಪಿಕೊಂಡವರು ಇಡೀ ತಾಲ್ಲೂಕಿನಲ್ಲಿ ಒಬ್ಬರಿದ್ದರೆ ತೋರಿಸಿ! ಒತ್ತಿದೆ. ಚೌಕ ಮಾಯವಾಯಿತು. ಎದುರಾಳಿ ಬಂದ.

ದಪ್ಪ ಅಕ್ಷರದಲ್ಲಿ ಅವನ ಹೆಸರು ಬಂತು. ಅದು ಮಾತ್ರ ಕನ್ನಡಕ ಇಲ್ಲದೆಯೂ ಕಂಡಿತು. MUDDE!

ನನಗೆ ರೋಮಾಂಚನವಾಯಿತು. ಎಲ್ಲೋ ಹೊರದೇಶದ ಕಂಪನಿ, ಮೈಸೂರು ಸೀಮೆಯ ಗಿರಾಕಿಗಳನ್ನು ಗಮನದಲ್ಲಿಟ್ಟುಕೊಂಡು ಬಾಕ್ಸರಿಗೆ ಮುದ್ದೆ ಅಂತ ಹೆಸರಿಟ್ಟಿದೆ! ಈ ಅಂಶಕ್ಕೆ ಮನಸ್ಸಿನಲ್ಲೇ ಐದಕ್ಕೆ ಐದು ಕೊಟ್ಟೆ.

ಆದರೆ ಆಟ ಶುರುವಾದ ಕೂಡಲೇ ಮಾಲಿನ ದೋಷ ಕಾಣಿಸಿತು. ಮುದ್ದೆ ಕೈ ಎತ್ತಲೇ ಇಲ್ಲ! ಎರಡೂ ಕೈ ಇಳಿಬಿಟ್ಟುಕೊಂಡು ನನ್ನ ಮುಂದೆ ಬಂದು ನಿಂತ. ನಾನು ಬೋರ್‌ವೆಲ್ ಶುರುಮಾಡಿದೆ. ಬಿದ್ದ. ರೆಫರಿ ಎಣಿಸಿದ. ಎಂಟಕ್ಕೆ ಎದ್ದ. ಮತ್ತೆ ಕೈ ಇಳಿಬಿಟ್ಟ. ಮತ್ತೆ ಗುದ್ದಿದೆ. ಮತ್ತೆ ಬಿದ್ದ. ಮೂರು ಸಲ ಬಿದ್ದ ಮೇಲೆ ಆಟ ಮುಗಿಯಿತು. ಇನ್ನೊಂದು ಆಟ ಬೇಕಾ ಅಂತ ಅವನೇ ದಪ್ಪ ಅಕ್ಷರದಲ್ಲಿ ಕೇಳಿದ. ಫ್ಯಾಕ್ಟರಿಯಲ್ಲಿ ಒಂದೇ ಮುಚ್ಚಳ ನೋಡಿ ಇಡೀ ಲಾಟನ್ನು ತಿರಸ್ಕರಿಸುವುದಿಲ್ಲ. ಸರಿ ಅಂದೆ. ಮತ್ತದೇ ಕಥೆ. ಒಂದು ಸಲವಂತೂ ಎರಡೂ ಗ್ಲೌಸನ್ನು ಎದೆ ಹತ್ತಿರ ಜೋಡಿಸಿ, ಕೈ ಮುಗಿದ ಹಾಗೆ ನಿಂತುಕೊಂಡ. ಮುಖ ಪೂರ್ತಿ ಖಾಲಿ ಸಿಕ್ಕಿತು. ಬಿಡುತ್ತೇನಾ? ಮುಖಕ್ಕೇ ಕೊಟ್ಟೆ!

ಒಟ್ಟು ಹನ್ನೊಂದು ಸಲ ಕೆಡವಿದೆ. ಹನ್ನೊಂದನೇ ಸಲ ಎದ್ದವನು ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಆಟದಿಂದಲೇ ಹೊರಟುಹೋದ. ಇದು ಸಾಫ್ಟ್‌ವೇರಿನ ಇನ್ನೊಂದು ದೋಷ ಅಂತ ಗುರುತು ಹಾಕಿಕೊಂಡೆ.

ಅವನು ಬಿದ್ದಿದ್ದಾಗ ತೆಗೆದ ಫೋಟೋ ಹಾಕಿ ಅಲ್ಲೇ ಕೂತು ವಿಮರ್ಶೆ ಬರೆದೆ:

"ಬಾಕ್ಸಿಂಗ್ ಗೇಮ್, ಭಾಗ ಎರಡು. ಹೊರಮೈ ಉತ್ತಮ. ಎದುರಾಳಿ ಕಳಪೆ. ಮುದ್ದೆ ಎಂಬ ಈತನಿಗೆ ಕೈ ಎತ್ತುವುದೇ ಗೊತ್ತಿಲ್ಲ. ಕಟ್ಟಿದ ಎತ್ತು ಇವನಿಗಿಂತ ವಾಸಿ. ಮುಖವೂ ಎಲ್ಲೋ ನೋಡಿದ ಹಾಗಿದೆ. ಇಂಥ ಮುಖ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಮಿಷಕ್ಕೆ ಹತ್ತು ಇಳಿಯುತ್ತವೆ. ಐವತ್ತೆರಡು ವರ್ಷದ ನಾನು ಈತನನ್ನು ಹನ್ನೊಂದು ಸಲ ಕೆಡವಿದ್ದೇನೆ. ತೀರ್ಪು: ತಿರಸ್ಕೃತ."

ಜನ ಬಿದ್ದು ಬಿದ್ದು ನಕ್ಕರು. ಐದೇ ನಿಮಿಷದಲ್ಲಿ ನಲವತ್ತು ಲೈಕು! ನನ್ನ ಇಡ್ಲಿ ವಿಮರ್ಶೆ ಒಂದು ವಾರದಲ್ಲೂ ಅಷ್ಟು ನೋಡಿರಲಿಲ್ಲ. ಹುಲ್ಲಹಳ್ಳಿಯ ಒಬ್ಬರು "ಪಾಪ, ಹೆಂಡ್ತಿ ಕೈಲಿ ಏಟು ತಿಂದು ಬಂದವ್ನಂಗೆ ಅವ್ನೆ" ಅಂತ ಬರೆದರು. ಅದಕ್ಕೂ ಒಂದು ನಗು ಒತ್ತಿದೆ. ಅದರ ಕೆಳಗೆ ನರಸೀಪುರದ ಯಾವನೋ ಬರೆದಿದ್ದ: "ಇದು ನಮ್ಮ ಗೊಬ್ಬರದ ಅಂಗಡಿ ಪ್ರಸನ್ನಣ್ಣನ ಮುಖ ಅಲ್ವಾ?"

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೀಸೆ. ದುಂಡು ಗಲ್ಲ. ಎಡಗಣ್ಣು ಊದಿಕೊಂಡಿತ್ತು, ಆದರೆ ಬಲಗಣ್ಣು... ಬಲಗಣ್ಣು ಧಾರೆ ಮಂಟಪದಲ್ಲಿ ನಾನು ಎದುರಾ ಎದುರು ನೋಡಿದ ಕಣ್ಣು.

ಬಾಗಿಲು ತೆಗೆದ ಸದ್ದಾಯಿತು. ಬಸ್ಸು ತಡವಾಗಿತ್ತಂತೆ. ಸಿಂಧು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಟಿವಿ ಹತ್ತಿರ ಓಡಿ ಬಂದಳು. ನನ್ನ ಕೈಯಲ್ಲಿ ರಿಮೋಟು ನೋಡಿದಳು.

"ಅಪ್ಪ, ಆಡಿದ್ರಾ?"

"ಸುಮ್ನೆ... ಸ್ವಲ್ಪ..."

ಅವಳು ರಿಮೋಟು ಕಿತ್ತುಕೊಂಡು ಏನೇನೋ ಒತ್ತಿದಳು. ನಾನು ಷರತ್ತು ಅಂದುಕೊಂಡಿದ್ದ ಚೌಕ ಮತ್ತೆ ಬಂತು. ಅವಳು ಮನಸ್ಸಿನಲ್ಲೇ ಓದಿಕೊಂಡಳು. ಗಿರಿಜ "ಏನಮ್ಮ ಅದು?" ಅಂದಾಗ, ಟಿವಿಯಿಂದ ಕಣ್ಣು ತೆಗೆಯದೆ ಗಟ್ಟಿಯಾಗಿ ಓದಿದಳು:

"ಅವತ್ತು ಹತ್ತು ಜನದ ಮುಂದೆ ಹಂಗೆ ಅನ್ಬಾರದಿತ್ತು. ತಪ್ಪಾಯ್ತು. ಇವತ್ತು ನಾನು ಕೈ ಎತ್ತಲ್ಲ. ನಿನಗೆ ಸಮಾಧಾನ ಆಗೋವರ್ಗೂ ಹೊಡಿ. ಸಾಕು ಅನ್ನಿಸಿದಾಗ ಒಂದೇ ಒಂದು ಸಲ ಫೋನ್ ಮಾಡು."

ಆಮೇಲೆ ಎಲ್ಲವೂ ಹೊರಬಂತು. ಎರಡನೇ ಭಾಗದ ದೊಡ್ಡ ಸಂಗತಿ ಎಂದರೆ ಬೇರೆ ಬೇರೆ ಊರಲ್ಲಿ ಕೂತವರು ಒಬ್ಬರಿಗೊಬ್ಬರು ಆಡಬಹುದು, ಅವರವರ ಮುಖವನ್ನೇ ಬಾಕ್ಸರಿಗೆ ಅಂಟಿಸಬಹುದು. ಈ ಎರಡು ಅಂಶಗಳೂ ನನ್ನ ವಿಮರ್ಶೆಯಲ್ಲಿ ಇರಲಿಲ್ಲ. ಪ್ರಸನ್ನ ನರಸೀಪುರದಲ್ಲಿ ತಾನೂ ಒಂದು ಬಾಕ್ಸ್ ತಂದಿದ್ದ. ಫೋನ್ ಎತ್ತದ ಹೆಂಡತಿ ಆರೂವರೆಗೆ ಆಟಕ್ಕೆ ಮಾತ್ರ ಬರುತ್ತಿದ್ದಳು. ಮಾತಿಲ್ಲ, ಕಥೆಯಿಲ್ಲ, ಗುದ್ದು ಮಾತ್ರ. ಅವರಿಬ್ಬರ ನಡುವೆ ಉಳಿದಿದ್ದ ಎಳೆ ಅದೊಂದೇ. ತಪ್ಪೊಪ್ಪಿಗೆಗೆ ಅಂತಲೇ ಅವನು ತನ್ನ ಹೆಸರನ್ನು ಮುದ್ದೆ ಅಂತ ಬದಲಾಯಿಸಿಕೊಂಡಿದ್ದ.

ಸಿಂಧು ತಕ್ಷಣ ಫೋನ್ ಮಾಡಿದಳು. ಹದಿನೈದು ದಿನದಲ್ಲಿ ಮೊದಲ ಸಲ. ಅವನ ಫೋನ್ ಸ್ವಿಚ್ ಆಫ್ ಆಗಿತ್ತು.

ಬೆಳಗ್ಗೆ ನನಗೆ ಬೀಗಿತ್ತಿಯಿಂದ ಫೋನ್ ಬಂತು.

"ಏನ್ ಬೀಗ್ರೇ, ನನ್ ಮಗ ಉಣ್ನಿಲ್ಲ ಕನಪ್ಪ. ಟಿವೀಲಿ ಯಾರೋ ಒಡುದ್ರು ಅಂತಾರೆ. ಟಿವೀಲಿ ಒಡುದ್ರೆ ನೋವಾಯ್ತದಾ?"

"ಇಲ್ಲ ಕಣಮ್ಮ. ನೋವೇನೂ ಆಗಲ್ಲ."

"ಮತ್ಯಾಕೆ ಕಣ್ಣಲ್ಲಿ ನೀರಾಕ್ಕೊಂಡು ಕೂತವನೆ?"

ಫ್ಯಾಕ್ಟರಿಗೆ ರಜ ಹಾಕಿದೆ. ಒಂದು ಚಿಪ್ಪು ರಸಬಾಳೆ ಹಿಡಿದು ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಕ್ಷಮಾಪಣೆ ಬಾಯಿಪಾಠ ಮಾಡಿದೆ. ಘನವಾದ ಕ್ಷಮಾಪಣೆ. "ನನ್ನ ವಯಸ್ಸಿಗೆ ತಕ್ಕುದಲ್ಲದ ಕೃತ್ಯ" ಅನ್ನುವ ಮಾತು ಕೂಡ ಅದರಲ್ಲಿತ್ತು.

ಅಂಗಡಿ ಮುಂದೆ ಯೂರಿಯಾ ತಗೊಳ್ಳಲು ಬಂದ ನಾಲ್ಕು ಜನ ನಿಂತಿದ್ದರು. ಅವರಲ್ಲೊಬ್ಬ, "ಏನ್ಲಾ ಪ್ರಸನ್ನ, ಅನ್ನೊಂದು ಸಲ ಬಿದ್ದಿದ್ದೀಯಂತೆ, ಬೆನ್ನಿಗೆ ಎಣ್ಣೆಗಿಣ್ಣೆ ಅಚ್ಕಂಡಾ?" ಅಂದ. ಮಿಕ್ಕವರು ನಕ್ಕರು. ಪ್ರಸನ್ನ ತಲೆ ಎತ್ತದೆ ಮೂಟೆ ತೂಗುತ್ತಿದ್ದ. ನನ್ನನ್ನು ನೋಡಿ "ಬನ್ನಿ ಮಾವ, ಕೂತ್ಕೊಳಿ" ಅಂದು ಸ್ಟೂಲು ಒರೆಸಿಕೊಟ್ಟ.

ಬಾಯಿಪಾಠ ಮಾಡಿದ್ದು ಒಂದಕ್ಷರ ನೆನಪಿಗೆ ಬರಲಿಲ್ಲ. ಬಾಯಿಂದ ಬಂದಿದ್ದು ಇದು:

"ಅಳಿಯಂದ್ರೇ, ನೀವು ಕೈ ಒಸಿ ಮೇಲೆ ಎತ್ಕೊಂಡಿದ್ರೆ ಅಷ್ಟು ಏಟು ಬೀಳ್ತಿರ್ಲಿಲ್ಲ."

ಭೂಮಿ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು.

ಅವನು ತೂಕ ಮುಗಿಸಿ ಯೂರಿಯಾ ಕೊಟ್ಟು ಕಳಿಸಿದ. ಗಿರಾಕಿಗಳು ಹೋದ ಮೇಲೆ ಮೆಲ್ಲಗೆ ಅಂದ:

"ಮೂರನೇ ಸಲ ಬಿದ್ದಾಗ್ಲೇ ಗೊತ್ತಾಯ್ತು ಮಾವ, ಆಡ್ತಿರೋದು ಅವಳಲ್ಲ ಅಂತ. ಅವಳು ಬಿದ್ದವನು ಪೂರ್ತಿ ಏಳೋವರ್ಗೂ ಎರಡು ಹೆಜ್ಜೆ ಹಿಂದೆ ನಿಂತ್ಕೋತಾಳೆ. ನೀವು ಏಳ್ತಿದ್ದಂಗೇ ಗುದ್ತಿದ್ರಿ."

"ಮತ್ತೆ ನಿಲ್ಲಿಸ್ಬಿಡೋದಲ್ವಾ?"

"ಅವಳೂ ಪಕ್ಕದಲ್ಲೇ ಕೂತು ನೋಡ್ತಾವಳೆ ಅಂದ್ಕೊಂಡೆ. 'ಸಾಕು ಬಿಡಿ ಅಪ್ಪ' ಅಂತ ನಿಲ್ಲಿಸ್ತಾಳೇನೋ ಅಂತ ಪ್ರತಿ ಸಲಾನೂ ಕಾದೆ. ಹನ್ನೊಂದನೇ ಸಲದವರ್ಗೂ ಕಾದೆ ಮಾವ."

ಅವಳು ಮನೆಯಲ್ಲೇ ಇರಲಿಲ್ಲ, ದೇವನೂರಿಗೆ ಹೋಗಿದ್ದಳು, ನಿಮ್ಮ ಮೆಸೇಜನ್ನು ಓದದೆ ಒತ್ತಿಬಿಟ್ಟವನು ನಾನು ಅಂತ ಹೇಳಿದೆ. ಅವನ ಮುಖ ಸ್ವಲ್ಪ ತಿಳಿಯಾಯಿತು. ಟೀ ತರಿಸಿದ. ಬಾಳೆಹಣ್ಣು ಒಳಗಿಟ್ಟ.

"ಅವಳಿಗೆ ಸಂಜೆ ಫೋನ್ ಮಾಡ್ತೀನಿ. ಆ ಪೋಸ್ಟ್ ಒಂದು ತೆಗೆದ್ಬಿಡಿ ಮಾವ. ಇನ್ನೇನೂ ಬೇಡ. ಹತ್ತು ಜನದ ಮುಂದೆ ನಗೋದು ಅಂದ್ರೆ ಏನು ಅಂತ ನಂಗೂ ಈಗ ಗೊತ್ತಾಯ್ತು."

"ಈಗ್ಲೇ ತೆಗೀತೀನಿ. ಬಸ್ಸಲ್ಲಿ ಕೂತ ತಕ್ಷಣ" ಅಂದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಜ್ಞಾನ. ಇನ್ನು ಹೇಳುವುದಕ್ಕೆ ಆ ಹೆಸರು ಕೊಡಲು ಬರುವುದಿಲ್ಲ.

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊಬೈಲ್ ತೆಗೆದೆ. ನಾನೂರ ಹನ್ನೆರಡು ಲೈಕು! ಗುರುತೇ ಇಲ್ಲದವರು ಹಂಚಿಕೊಂಡಿದ್ದರು. "ನಿಮ್ಮಂಥ ನೇರ ಬರಹಗಾರರು ಅಪರೂಪ" ಅಂತ ಚಾಮರಾಜನಗರದ ಯಾರೋ ಹೆಣ್ಣುಮಗಳು ಬರೆದಿದ್ದಳು. ಅದಕ್ಕೆ ಉತ್ತರ ಬರೆಯುವುದು ಸೌಜನ್ಯ. ಬರೆದೆ. ಅಷ್ಟರಲ್ಲಿ ಇನ್ನೆರಡು ಬಂತು. ಅವಕ್ಕೂ ಬರೆದೆ. ನಂಜನಗೂಡು ತಲುಪಿದಾಗ ನಾನೂರ ಎಂಬತ್ತು. ಐನೂರು ಆಗಲಿ, ಆದ ಕೂಡಲೇ ತೆಗೆದುಬಿಡೋಣ ಅಂದುಕೊಂಡೆ. ನನ್ನ ಜೀವಮಾನದಲ್ಲಿ ಐನೂರು ಜನ ನನಗೆ ಒಟ್ಟಿಗೆ ಹೌದು ಅಂದಿದ್ದು ಯಾವಾಗ ಹೇಳಿ?

ಸಂಜೆ ಸಿಂಧು ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದಳು. "ಅವರು ಮಾಡ್ತೀನಿ ಅಂದ್ರಾ ಅಪ್ಪ? ಸರಿಯಾಗಿ ಕೇಳಿಸ್ಕೊಂಡ್ರಾ?" ಅಂತ ಎರಡು ಸಲ ಕೇಳಿದಳು. ಆರೂವರೆಯಾಯಿತು. ಏಳಾಯಿತು. ಫೋನ್ ಬರಲಿಲ್ಲ. ಏಳೂಕಾಲಿಗೆ ಅವಳೇ ಮಾಡಿದಳು. ಒಂದು ನಿಮಿಷ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪ, ಆ ಪೋಸ್ಟ್ ಇನ್ನೂ ಅದೆ."

"ತೆಗೀತಾ ಇದ್ದೆ ಕಣಮ್ಮ, ಅಷ್ಟರಲ್ಲಿ..."

"ಮಧ್ಯಾಹ್ನ ಎರಡು ಗಂಟೆಯಿಂದ ಕಾಯ್ತಾವ್ರೆ. ಕಾಮೆಂಟಿಗೆಲ್ಲಾ ಉತ್ತರ ಬೇರೆ ಕೊಟ್ಟಿದ್ದೀರಿ!"

ಗಿರಿಜ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಬೈಯಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಬೈಯದೆ ಬಿಟ್ಟ ಸಂದರ್ಭಗಳು ಕಡಿಮೆ, ಅವು ಯಾವುವೂ ಒಳ್ಳೆಯದಲ್ಲ.

"ನನ್ನ ಗಂಡ ತಪ್ಪು ಮಾಡಿದ್ರು. ತಪ್ಪು ಅಂತ ಗೊತ್ತಾದ ಮೇಲೆ ಹನ್ನೊಂದು ಸಲ ಬಿದ್ರು. ನಿಮಗೆ ಗೊತ್ತಾದ ಮೇಲೂ ಎಣಿಸ್ತಾ ಕೂತಿದ್ರಲ್ಲ ಅಪ್ಪ" ಅಂದಳು ಸಿಂಧು.

ಆಷಾಢ ಶುರುವಾದ ಮೇಲೆ ಅವಳ ಬಾಯಲ್ಲಿ 'ನನ್ನ ಗಂಡ' ಅಂತ ಬಂದಿದ್ದು ಅದೇ ಮೊದಲು. ನಾನು ಅವಳ ಎದುರಿಗೇ ಪೋಸ್ಟ್ ಅಳಿಸಿದೆ. ಅವಳು ನೋಡಲಿಲ್ಲ. ರೂಮಿಗೆ ಹೋಗಿ ಬಟ್ಟೆ ಮಡಚುತ್ತಿದ್ದಳು.

"ಆಷಾಢ ಕಣೇ!" ಅಂದಳು ಗಿರಿಜ. "ಅತ್ತೆ ಸೊಸೆ ಒಂದೇ ಮನೇಲಿ ಇರ್ಬಾರ್ದು!"

ಸಿಂಧು ಬೀಗಿತ್ತಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆಯಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನೀ ಬಾ ಮಗ. ನಾನು ಮೂಗೂರಲ್ಲಿ ತಂಗಿ ಮನೇಲಿ ಇದ್ಬುಡ್ತೀನಿ ಶ್ರಾವಣ ಬರೋಗಂಟ. ಅವ್ನು ಒಬ್ನೇ ಅವ್ನೆ, ಉಣ್ಣದಂಗೆ ಕೂತವ್ನೆ. ಬಾ."

ಸಂಪ್ರದಾಯವೂ ಉಳಿಯಿತು, ಸಂಸಾರವೂ ಉಳಿಯಿತು. ಅಕ್ಷರ ಬಾರದ ಹೆಂಗಸು ಎರಡು ಮಾತಲ್ಲಿ ಮುಗಿಸಿದಳು. ವಿಮರ್ಶಕ ನಾನು!

ಬೆಳಗ್ಗೆ ಆಟೋ ಬಂತು. ಬ್ಯಾಗು ಎತ್ತಿಕೊಳ್ಳಲು ಹೋದೆ. "ಬಿಡಿ ಅಪ್ಪ, ನಾನೇ ತಗೊಂಡು ಹೋಗ್ತೀನಿ" ಅಂದಳು. ಕೋಪವಿರಲಿಲ್ಲ. ಬಸ್ಸಲ್ಲಿ ಪಕ್ಕ ಕೂತ ಅಪರಿಚಿತರಿಗೆ ಹೇಳುವ ದನಿಯಲ್ಲಿ ಹೇಳಿದಳು.

ಗಂಡ ಹೆಂಡತಿ ಈಗ ಚೆನ್ನಾಗಿದ್ದಾರೆ. ದಿನಾ ಸಂಜೆ ಗಿರಿಜಳಿಗೆ ಫೋನ್ ಬರುತ್ತದೆ. ನಾನು ಪೇಪರ್ ಓದುವವನ ಹಾಗೆ ಹತ್ತಿರ ಕೂರುತ್ತೇನೆ. ಆ ಕಡೆ ಇಬ್ಬರೂ ನಗುವುದು ಕೇಳಿಸುತ್ತದೆ. ನಗಲಿ, ನನ್ನನ್ನು ಆಡಿಕೊಂಡೇ ನಗುತ್ತಿರಬೇಕು, ಅವರಿಗೆ ನಗಲು ಒಂದು ವಿಷಯವನ್ನಾದರೂ ಕೊಟ್ಟೆನಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಮೊನ್ನೆ ಫೋನಿಟ್ಟ ಮೇಲೆ ಗಿರಿಜಳನ್ನು ಕೇಳಿಯೇಬಿಟ್ಟೆ.

"ನನ್ನ ವಿಷಯಕ್ಕೇ ನಗ್ತಾ ಇದ್ರಾ?"

"ಇಲ್ಲಪ್ಪ. ಅಳಿಯಂದ್ರು ಮುದ್ದೆ ಕಟ್ಟೋಕೆ ಹೋಗಿ ಗಂಟು ಮಾಡವ್ರಂತೆ. ಅದಕ್ಕೆ."

"ನನ್ನ ಬೈದ್ಲಾ?"

"ಇಲ್ಲ."

"ಊಟ ಆಯ್ತಾ ಅಂತನಾದ್ರೂ ಕೇಳಿದ್ಲಾ?"

ಗಿರಿಜ ಸ್ವಲ್ಪ ಯೋಚನೆ ಮಾಡಿದಳು. ಸುಳ್ಳು ಹೇಳುವ ಮನಸ್ಸಿತ್ತೇನೋ. ಬರಲಿಲ್ಲ.

"ನಿಮ್ಮ ಮಾತೇ ಬರ್ಲಿಲ್ಲ ಕಣ್ರೀ" ಅಂದಳು.